ಎಳೆದು ನೋಡುವ ಮಾವ

ಮೊನ್ನೆ ಹುಬ್ಬಳ್ಳಿ ನಿಲ್ದಾಣದಲ್ಲಿ ನಮ್ಮ ಗಾಡಿಗೆ ಎಂಜಿನ್ ಬದಲಿಸುತ್ತಿದ್ದರು. ನಾನೂ ನನ್ನ ಹೆಂಡತಿ ರತ್ನಾಳೂ ಅವಳ ತವರಿನಿಂದ ಧಾರವಾಡಕ್ಕೆ ಹೊರಟಿದ್ದೆವು. ಹೊಸ ಎಂಜಿನ್ ಬಂದು ತಾಗಿದಾಗ ಬೋಗಿ ಒಮ್ಮೆ ಹಿಂದಕ್ಕೆ ಸರಿಯಿತು. ಮರುಕ್ಷಣ ಯಾರೋ ಮುಂದಕ್ಕೆ ಜಗ್ಗಿದಂತಾಗಿ ನನ್ನ ಕೈಯ ಚಹಾ ಅರ್ಧ ಅಂಗಿಯ ಪಾಲಾಯಿತು. ಎದುರಿಗೆ ಕೂತಿದ್ದವರು ಡ್ರೈವರನಿಗೆ ಬೈದರು. ನಾನು ಬೈಯಲಿಲ್ಲ. ಹೀಗೆ ಮುಂದಕ್ಕೆ ಜಗ್ಗುವುದು ಇದೆಯಲ್ಲ, ನನ್ನ ಮದುವೆ ಆದದ್ದೇ ಅದರ ದೆಸೆಯಿಂದ. ನಂಬಿಕೆ ಬರುವುದಿಲ್ಲವೆ? ಎದುರಿನವರಿಗೂ ಬರಲಿಲ್ಲ. ಗಾಡಿ ಬಿಡಲು ಹೊತ್ತಿತ್ತು, ಹೇಳತೊಡಗಿದೆ.

ನನ್ನ ಮಾವ ರೈಲ್ವೆಯಲ್ಲಿ ಬೋಗಿ ಜೋಡಿಸುವ ಕೆಲಸದಲ್ಲಿದ್ದವರು. ಈಗ ನಿವೃತ್ತರಾಗಿ ಹಳೇ ಹುಬ್ಬಳ್ಳಿಯ ಮನೆಯಲ್ಲಿ ಆರಾಮಾಗಿದ್ದಾರೆ. ಏನನ್ನೇ ಕಟ್ಟಿದರೂ ಒಮ್ಮೆ ಎಳೆದು ನೋಡುವುದು ಅವರ ಚಟ. ಬಾಗಿಲಿನ ಚಿಲಕ ಹಾಕಿ ಎಳೆಯುತ್ತಾರೆ. ಮೊಮ್ಮಗಳ ತೊಟ್ಟಿಲ ಹಗ್ಗವನ್ನು ಎಷ್ಟು ಸಲ ಎಳೆದರೆಂದರೆ, ತೊಟ್ಟಿಲಿಗಿಂತ ಮೊದಲು ಮಾಳಿಗೆಯ ಜಂತಿಯೇ ಕೈಗೆ ಬರುತ್ತದೆಂದು ನಮ್ಮತ್ತೆ ಗೊಣಗುತ್ತಿದ್ದರು.

ಇಪ್ಪತ್ತೆಂಟು ವರ್ಷದ ಹಿಂದೆ ಅದೇ ಮನೆಗೆ ನಾನು ಹೆಣ್ಣು ನೋಡಲು ಹೋಗಿದ್ದೆ. ರತ್ನಾ ಆಗ ಧಾರವಾಡದಾಚೆಯ ಮುಗದ ಎಂಬ ಹಳ್ಳಿಯ ಸಾಲೆಯಲ್ಲಿ ಮಾಸ್ತರಿಣಿ. ನಾನು ಧಾರವಾಡದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಯಾರು ಏನೇ ಹೇಳಿದರೂ ತಲೆಯಾಡಿಸುವುದು ನನ್ನ ಸ್ವಭಾವ. ಸಾಹೇಬರು ಹಗಲನ್ನು ಇರುಳೆಂದರೆ ದೀಪ ಹಚ್ಚಲೇ ಎಂದು ಕೇಳುವ ಪೈಕಿ. ಆವತ್ತೂ ಹಾಗೇ ಆಯಿತು. ಅವಲಕ್ಕಿಗೆ ಉಪ್ಪು ಸರಿ ಇದೆಯೇ ಎಂದರೆ ಹೌದ್ರಿ. ಹುಡುಗಿ ಮನಸ್ಸಿಗೆ ಬಂದಳೇ ಎಂದರೆ ಹೌದ್ರಿ. ಲಗ್ನ ಆದ ಮೇಲೂ ನೌಕರಿ ಮಾಡುತ್ತಾಳೆ, ಆದೀತೇ ಎಂದರೆ ಅದಕ್ಕೂ ಹೌದ್ರಿ. ಉಪ್ಪು ಮಾತ್ರ ಸರಿ ಇರಲಿಲ್ಲ. ಉಳಿದದ್ದೆಲ್ಲ ನಿಜ. ರತ್ನಾ ನನ್ನ ಮನಸ್ಸಿಗೆ ಬರೀ ಬಂದಿರಲಿಲ್ಲ, ಬಂದು ಕೂತೇಬಿಟ್ಟಿದ್ದಳು.

ಮಾತು ಪಕ್ಕಾ ಆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಮಾವನವರು ತಮ್ಮ ಕೆಲಸ ತೋರಿಸಲು ಕರೆದೊಯ್ದರು. ನಾನು ಯಾರ್ಡಿನ ಬೇಲಿಯ ಹೊರಗೆ, ಅವರು ಒಳಗೆ. ಗೂಡ್ಸ್ ಡಬ್ಬಿಯ ತುದಿಗೆ ಬೆರಳು ಮಡಚಿದ ಕೈಯಂಥ ದಪ್ಪ ಕಬ್ಬಿಣದ ಕೊಂಡಿ ಇರುತ್ತದೆ. ಇನ್ನೊಂದು ಡಬ್ಬಿಯನ್ನು ನೂಕಿದಾಗ ಎರಡು ಕೈಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಮಾವನವರು ತಮ್ಮ ಎರಡು ಕೈ ಎತ್ತಿ ತೋರಿಸಿದರು.

"ಎರಡೂ ಮುಚ್ಚಿದ್ದು ಅಂದ್ರ ಬರೇ ಡಿಕ್ಕಿ ಹೊಡಿತಾವ, ಕೂಡಂಗಿಲ್ಲ. ಒಂದಾದ್ರೂ ತೆರದಿರಬೇಕು ನೋಡ್ರಿ."

"ಹೌದ್ರಿ," ಎಂದೆ.

"ಕೂಡಿದ ಮ್ಯಾಲ ಒಳಗ ಒಂದು ಲಾಕ್ ತನ್ನ ಭಾರಕ್ಕ ತಾನ ಬೀಳ್ತೈತಿ. ಅದು ಬಿತ್ತಂದ್ರ ಮುಗೀತು, ಗುಡ್ಡ ಜಗ್ಗಿದ್ರೂ ಬಿಚ್ಚಂಗಿಲ್ಲ. ಆದ್ರ ಒಮ್ಮೊಮ್ಮೆ ರಾಡಿ ಹಿಡದು, ಜಂಗು ತಿಂದು ಅರ್ಧಕ್ಕ ನಿಂದರತೈತಿ. ಹೊರಗಿಂದ ನೋಡಿದ್ರ ಎಲ್ಲಾ ಛಲೋ ಕೂಡಿದಂಗ ಕಾಣತೈತಿ. ಅದಕ್ಕ ಎಂಜಿನ್ ಒಮ್ಮೆ ಸಾವಕಾಶ ಜಗ್ಗಬೇಕು. ಜಗ್ಗದ ಗಾಡಿ ಬಿಡಬಾರದು."

ಪ್ಯಾಸೆಂಜರ್ ಬೋಗಿಗಳದ್ದು ಆಗ ಬೇರೆ ಪದ್ಧತಿ. ಒಬ್ಬ ಮನುಷ್ಯ ಎರಡು ಬೋಗಿಗಳ ನಡುವೆ ಇಳಿದು, ಕೊಕ್ಕೆಗೆ ಕೊಂಡಿ ಹಾಕಿ, ಸ್ಕ್ರೂ ತಿರುಗಿಸಿ ಬಿಗಿ ಮಾಡಬೇಕು. ಅತಿ ಬಿಗಿಯಾದರೆ ತಿರುವಿನಲ್ಲಿ ಬೋಗಿ ಒದ್ದಾಡುತ್ತದೆ, ಸಡಿಲಾದರೆ ದಾರಿಯುದ್ದಕ್ಕೂ ಪ್ರಯಾಣಿಕರ ಹಲ್ಲು ಕಟಕಟಿಸುತ್ತವೆ. ಎಷ್ಟು ತಿರುಗಿಸಬೇಕೆಂಬುದು ಪುಸ್ತಕಕ್ಕಿಂತ ಹೆಚ್ಚಾಗಿ ಮಾವನವರ ಮಣಿಕಟ್ಟಿಗೆ ಗೊತ್ತಿತ್ತು. ಈಗಿನ ಹೊಸ ಬೋಗಿಗಳು ಗೂಡ್ಸಿನವುಗಳಂತೆ ತಾವೇ ಕೈ ಹಿಡಿಯುತ್ತವೆ. ಅದಕ್ಕೆ ಅವರಿಗೆ ಬೇಸರವಿಲ್ಲ. ನಡುವೆ ಇಳಿಯುವ ಮಂದಿಯ ಜೀವ ಉಳಿಯಿತಲ್ಲ ಎನ್ನುತ್ತಾರೆ.

ಆ ಭಾನುವಾರ ಕಳೆದು ಎರಡು ವಾರವಾಗಿತ್ತು. ಮಾವನವರು ಹೇಳದೆ ಕೇಳದೆ ಧಾರವಾಡದ ಲಕಮನಹಳ್ಳಿಯ ನಮ್ಮ ಮನೆಗೆ ಬಂದರು. ಕುರ್ಚಿಯ ತುದಿಯಲ್ಲಿ ಕೂತು, ನೆಲ ನೋಡುತ್ತ ಹೇಳಿದರು:

"ನಮ್ಮ ಹುಡುಗಿ ದಿನಾ ಮುಗದಕ್ಕ ಹೋಗಿ ಬರಾಕಿ. ನಿಮಗ ಮುಂದ ತ್ರಾಸ ಆಗಬಾರದು. ಈ ಸಂಬಂಧ ಇಲ್ಲಿಗೇ ಬಿಡೂಣೇನ್ರಿ?"

ಬಿಡುವುದು ಬೇಡ ಎನ್ನಬೇಕು, ತ್ರಾಸ ಇಲ್ಲ ಎನ್ನಬೇಕು, ಕಾಲು ಹಿಡಿಯಬೇಕು ಎಂದೆಲ್ಲ ಅನ್ನಿಸಿತು. ಬಾಯಿಂದ ಹೊರಟದ್ದು ಮಾತ್ರ ಬೇರೆ: "ನೀವು ಹಿರ್ಯಾರು. ಹೆಂಗ ಅಂತೀರಿ ಹಂಗ್ರಿ."

ಮಾವನವರು ಎದ್ದು ನಿಂತರು. ಅವ್ವ ತಂದಿಟ್ಟ ಚಹಾ ಮುಟ್ಟಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು, "ದೇವರು ನಿನಗ ಬಾಯಿ ಬರೇ ಉಣ್ಣಾಕಷ್ಟ ಕೊಟ್ಟಾನೇನು?" ಎಂದು ಒಳಗೆ ಹೋದಳು.

ಮುಂದಿನ ನಾಲ್ಕು ದಿನ ನಾನು ಹೇಗಿದ್ದೆ ಎಂದು ಕೇಳಬೇಡಿ. ಬೇಡ ಎಂದು ಬಂದವರನ್ನು ಬಲವಂತ ಮಾಡುವುದು ಸಭ್ಯರ ಲಕ್ಷಣವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಲ್ಕನೆಯ ದಿನ, ಗುರುವಾರ, ಕಚೇರಿಯಲ್ಲಿ ಒಂದು ಫೈಲಿಗೆ ಲಾಡಿ ಕಟ್ಟುತ್ತಿದ್ದೆ. ಗಂಟು ಹಾಕಿ, ಗಟ್ಟಿಯಾಯಿತೇ ಎಂದು ಎಳೆದೆ. ಬಿಚ್ಚಿಕೊಂಡು ಕೈಗೆ ಬಂತು. ಆಗ ನನ್ನ ಮಂಡೆಗೆ ಬೆಳಕು ಬಿತ್ತು: ಮಾವನವರು ಸಂಬಂಧ ಮುರಿಯಲು ಬಂದಿರಲಿಲ್ಲ, ಜಗ್ಗಿ ನೋಡಲು ಬಂದಿದ್ದರು! ಅವರು ಮೆಲ್ಲಗೆ ಜಗ್ಗಿದ್ದಕ್ಕೇ ನಾನು ಕಳಚಿ ಬಿದ್ದಿದ್ದೆ.

ರಜೆ ಚೀಟಿ ಕೂಡ ಬರೆಯದೆ ಹೊರಬಿದ್ದು ಹುಬ್ಬಳ್ಳಿಯ ಬಸ್ಸು ಹಿಡಿದೆ. ಯಾರ್ಡಿನ ಬೇಲಿಯ ಹತ್ತಿರ ಓಡಿ ಹೋದರೆ ಮಾವನವರು ದೂರದಲ್ಲಿ ಹಸಿರು ನಿಶಾನೆ ಹಿಡಿದು ನಿಂತಿದ್ದಾರೆ. ಎಂಜಿನ್ನಿನ ಗದ್ದಲ ಬೇರೆ. ಹುಟ್ಟಿದ ಮೇಲೆ ಮೊದಲ ಸಲ ಗಂಟಲು ಹರಿಯುವಂತೆ ಕೂಗಿದೆ:

"ನನಗ ರತ್ನಾನ ಬೇಕ್ರಿ ಮಾವಾರ! ಆಕಿ ಮುಗದಕ್ಕರ ಹೋಗ್ಲಿ, ಮುಂಬೈಗರ ಹೋಗ್ಲಿ, ನಾ ಬಿಡಂಗಿಲ್ಲ!"

ಯಾರ್ಡಿನಲ್ಲಿದ್ದವರೆಲ್ಲ ಕೆಲಸ ಬಿಟ್ಟು ತಿರುಗಿ ನೋಡಿದರು. ಮಾವನವರು ಬೇಲಿಯವರೆಗೆ ಬಂದು, ಕೈಯ ಗ್ರೀಸನ್ನು ಚಿಂದಿಗೆ ಒರೆಸಿಕೊಂಡರು. "ಇಷ್ಟ ಹೇಳಾಕ ನಾಕು ದಿನಾ ಬೇಕಾತೇನ್ರಿ?" ಎಂದರು. ಅವರ ಕಣ್ಣು ತುಂಬಿದ್ದವು.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಗಾಡಿ ಉಣಕಲ್ಲು ದಾಟಿತ್ತು. ಎದುರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮ ಮಾವಾರು ಭಾರಿ ಶಾಣ್ಯಾ ಬಿಡ್ರಿ," ಎಂದರು.

ಶೇಂಗಾ ಸುಲಿಯುತ್ತಿದ್ದ ರತ್ನಾ ತಲೆ ಎತ್ತದೆ ಹೇಳಿದಳು: "ಅಪ್ಪಂದೇನ್ರಿ ಅದ್ರಾಗ? ಅವ್ರು ಒಪ್ಪಿ ಕೂತಿದ್ರು. ಹೋಗಿ ಒಮ್ಮೆ ಜಗ್ಗಿ ನೋಡಿ ಬಾ ಅಂತ ಕಳಿಸಿದಾಕಿ ನಾನ."

"ನೀನ?"

"ಮತ್ತ? ಎಲ್ಲಾದಕ್ಕೂ ಹೂಂ ಅನ್ನಾಂವ, ನಾಳೆ ಯಾರರ ಬಂದು ಈಕಿ ಸಾಲಿ ಬಿಡಸು ಅಂದ್ರ ಅದಕ್ಕೂ ಹೂಂ ಅಂದ್ರ? ನನಗ ಗೊತ್ತಾಗಬೇಕಿತ್ತು."

ಇಪ್ಪತ್ತೆಂಟು ವರ್ಷ ಮಾವನವರ ಹೆಸರಲ್ಲಿ ಊರೆಲ್ಲ ಹೇಳಿಕೊಂಡು ತಿರುಗಿದ ಕತೆ ನನ್ನ ಕೈಯಿಂದ ಜಾರಿತು. ಮೆಲ್ಲಗೆ ಕೇಳಿದೆ, "ನಾ ಬರದಿದ್ರ?"

"ಗುರುವಾರ ತನಕ ನೋಡೂದು ಅಂತ ಮಾಡಿದ್ದೆ. ಸಾಲಿಯಿಂದ ದಿನಾ ಮನಿಗೆ ಓಡಿ ಬರ್ತಿದ್ದೆ, ನೀವು ಬಂದಿರೇನು ಅಂತ," ಎಂದಳು ರತ್ನಾ. "ಶುಕ್ರವಾರ ಬಂದಿದ್ರ ನಾ ಬ್ಯಾಡ ಅಂತಿದ್ದೆ. ಅಳ್ತಿದ್ದೆ, ಖರೇ. ಆದ್ರೂ ಬ್ಯಾಡ ಅಂತಿದ್ದೆ."

ತಮಾಷೆಗೆ ಹೇಳಿದಳೇ ಎಂದು ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. ಆ ನಾಲ್ಕು ದಿನ ನಾನೊಬ್ಬನೇ ಸಂಕಟಪಟ್ಟೆ ಎಂದು ಇಷ್ಟು ಕಾಲ ತಿಳಿದಿದ್ದೆನಲ್ಲ ಎಂದು ನಾಚಿಕೆಯಾಯಿತು. ನವಲೂರು ಬಂತು, ಹೋಯಿತು. ಧಾರವಾಡದಲ್ಲಿ ಇಳಿಯುವಾಗ ಅವಳ ಚೀಲವನ್ನೂ ನಾನೇ ಎತ್ತಿಕೊಂಡೆ.

"ಇದೇನ್ರಿ ಹೊಸಾದು?" ಎಂದಳು ರತ್ನಾ.

"ಇಪ್ಪತ್ತೆಂಟು ವರ್ಷ ತಡಾ ಆತು," ಎಂದೆ.