ಎಲೆಯ ಬೆನ್ನು ನೋಡುತ್ತಿದ್ದ ಮಾವ

ಮಾವನವರ ಬಲಗೈ ತೋರುಬೆರಳಿನ ಗಿಣ್ಣು ಗೋಲಿಯಂತೆ ಉಬ್ಬಿತ್ತು. ಹುಬ್ಬಳ್ಳಿ-ಧಾರವಾಡದ ನಡುವೆ ಕಂಡಕ್ಟರಾಗಿ ಬಸ್ಸಿನ ತಗಡು ಬಡಿದೂ ಬಡಿದೂ ಬಂದ ಗಂಟು ಅದು. ಸೊಂಟ ಮುರಿದು ನವನಗರದ ಮನೆಯಲ್ಲಿ ಮಲಗಿದ ಮೇಲೆ ಮಂಚದ ಪಕ್ಕದ ಕಿಟಕಿಯ ಸರಳು ಬಡಿಯುತ್ತಿದ್ದರು. ಒಂದು ಬಡಿದರೆ ನಾನು ನಿಲ್ಲಬೇಕು, ಎರಡು ಬಡಿದರೆ ಹೊರಡಬಹುದು. ಅವರು ಹಾಸಿಗೆಗೆ ಕಟ್ಟುಬಿದ್ದಿದ್ದರು, ಸೊಸೆಯಾದ ನಾನು ಆ ಬಡಿತಕ್ಕೆ. ನಿಜವಾದ ಬಸ್ಸಾಗಿದ್ದರೆ ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುತ್ತಿದ್ದೆ.

ಆ ಕಿಟಕಿಗೆ ನನ್ನಿಂದ ಸೌತೆಬಳ್ಳಿ ಹಬ್ಬಿಸಿದ್ದರು. ಬೀಜ ಅಮ್ಮಿನಬಾವಿ ಊರಿನ ಅವರದೇ ಹೊಲದ್ದು. ಎಲೆಗಳೆಲ್ಲ ಬಿಸಿಲಿಗೆ ಮುಖ ಮಾಡುವುದರಿಂದ ಒಳಗೆ ಮಲಗಿದವರಿಗೆ ಕಾಣುವುದು ಅವುಗಳ ಬೆನ್ನು ಮಾತ್ರ. ಹೊರಗಿನಿಂದ ನನಗೆ ಎಲೆಯ ಮೇಲೆ ರೋಗದ ಹಳದಿ ಚೌಕಗಳು ಕಾಣುವ ಹೊತ್ತಿಗೆ ಅವರು ಎಲೆಯ ಹಿಂದಿನ ಬೂದು ಬೂಷ್ಟು ಕಂಡು ಸರಳು ಬಡಿದಾಗಿರುತ್ತಿತ್ತು. ಆ ಎಲೆ ಚಿವುಟಿ ದೂರ ಒಗೆಯಬೇಕು, ಗಾಳಿಯಾಡುವಂತೆ ಬಳ್ಳಿ ಬಿಡಿಸಿ ಕಟ್ಟಬೇಕು, ನೀರು ಬುಡಕ್ಕಷ್ಟೇ ಹಾಕಬೇಕು. ಮುಂಜಾನೆ ಒದ್ದೆ ಎಲೆಗೆ ಕೈ ಹಾಕಿದರೆ ಒಂದು ಬಡಿತ. "ಹಸಿ ಎಲಿ ಮುಟ್ಟಬ್ಯಾಡವಾ, ರೋಗ ನಿನ್ನ ಕೈ ಹಿಡಕೊಂಡು ಅಡ್ಡಾಡತೈತಿ."

ಮಳೆ ನಿಂತ ಮೇಲೆ ಎಳೆಯ ಎಲೆಗಳು ಮುರುಟಿದವು. ತಿಳಿಹಸಿರು, ಕಡುಹಸಿರು ತೇಪೆ ಹಾಕಿದಂತೆ ಕಾಣುತ್ತಿದ್ದವು, ಕಾಯಿಗೂ ಗಂಟು. ಇದು ಗಿಡದ ಹೇನಿನಿಂದ ಹರಡುವ ನಂಜುರೋಗ, ಔಷಧವಿಲ್ಲ, ಬೇರುಸಮೇತ ಕೀಳಬೇಕು ಎಂದರು. ನನ್ನ ಕೈ ಏಳಲಿಲ್ಲ. ಬಳ್ಳಿ ಹೋದರೆ ಅವರಿಗೆ ಉಳಿಯುವುದು ಎದುರುಮನೆಯ ಗೋಡೆ. ನಾಲ್ಕು ದಿನ ಇರಲಿ ಎಂದೆ.

"ಬಾಜೂ ಮನ್ಯಾಗೂ ಬಳ್ಳಿ ಅದಾವಲ್ಲ," ಎಂದರು. "ನನಗ ನೋಡಾಕ ಬೇಕಂತ ಅವರ ಬಳ್ಳಿ ಸಾಯಬೇಕೇನು?"

ಹೊರಗೆ ಹೋಗಿ ಬುಡ ಹಿಡಿದು ಸುಮ್ಮನೆ ನಿಂತೆ. ಒಳಗಿನಿಂದ ಸರಳಿನ ಮೇಲೆ ಎರಡು ಬಡಿತ. ಕಿತ್ತೆ. ಕುಡಿಗಳನ್ನು ಬಿಡಿಸುತ್ತ ಹೋದಂತೆ ಅವರ ಮುಖ ಪೂರ್ತಿ ಕಂಡಿತು. ಆಗಲೇ ಗೋಡೆ ನೋಡುತ್ತಿದ್ದರು. ನನಗೆ ಅಳು ಬಂತು.

ಹೊಸ ಮಣ್ಣಿನ ಕುಂಡದಲ್ಲಿ ಹಾಕಿಸಿದ ಬೀಜದ ಬಳ್ಳಿ ಕಿಟಕಿ ಮುಟ್ಟುವ ಮೊದಲೇ ಅವರು ತೀರಿಕೊಂಡರು. ಈಗ ನಾನು ಎಲ್ಲಿಗೆ ಬೇಕಾದರೂ ಹೋಗಬಹುದು. ಬಳ್ಳಿ ಸರಳು ತುಂಬಿದೆ. ಎಲೆಯ ಬೆನ್ನು ನೋಡಲು ದಿನವೂ ಅವರ ಮಂಚದ ಮೇಲೆ ಮಲಗುತ್ತೇನೆ. ಬೂಷ್ಟಿಲ್ಲ, ಹೇನಿಲ್ಲ. ನೋಡಿಯಾದ ಮೇಲೂ ಏಳಲಾಗುವುದಿಲ್ಲ, ಎರಡು ಬಡಿತಕ್ಕಾಗಿ ಕಾಯುತ್ತಿರುತ್ತೇನೆ.