ಮಂಚ ಜೋಡಿಸುವ ನಾದ್ರಾ

ಬಾಗಿಲು ತಟ್ಟಿದ ಕೂಡಲೇ ನಾದ್ರಾ ಕೂಗುತ್ತಾಳೆ, "ಹೆಂಗಸೇ ಕಣಮ್ಮಾ, ಬಾಗಿಲು ತೆಗೀರಿ!" ಗಂಡಂದಿರು ಇಲ್ಲದ ಹೊತ್ತಿನಲ್ಲಿ ಬಡಗಿಯನ್ನು ಒಳಗೆ ಕರೆಯಲು ಈಜಿಪ್ಟಿನ ಬಡಗಿಗಳ ಊರಾದ ದಮಿಯತ್ತದ ಗೃಹಿಣಿಯರು ಒಪ್ಪಲಿಲ್ಲ, ಹಾಗಾಗಿ ಊರಿಗೆ ಹೊಸದಾಗಿ ಬಂದ ವಿದೇಶಿ ಪೀಠೋಪಕರಣದ ಅಂಗಡಿ, ಬಿಡಿಬಿಡಿಯಾಗಿ ಮಾರಿದ ಮಂಚ ಕಪಾಟುಗಳನ್ನು ಮನೆಗೇ ಹೋಗಿ ಜೋಡಿಸಲು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡಿತು. ಮೊದಲ ತಿರುಪಿಗೆ ಅವಳು ಬಿಸ್ಮಿಲ್ಲಾ ಎನ್ನುತ್ತಾಳೆ, ಕೊನೆಯದಕ್ಕೆ ಅಲ್‌ಹಮ್ದುಲಿಲ್ಲಾ. ನಡುವೆ ಮನೆಯವರ ಮಂಡಿನೋವು, ಸೊಸೆಯ ಮೇಲಿನ ದೂರು ಎಲ್ಲಕ್ಕೂ ಕಿವಿಗೊಡುತ್ತಾ ಕೊಟ್ಟಷ್ಟೂ ಚಹಾ ಕುಡಿಯುತ್ತಾಳೆ. "ಹೆಣ್ಣು ಜೋಡಿಸಿದ ಮಂಚ ನಿಲ್ಲುತ್ತದೇನೇ?" ಎಂದು ಅತ್ತೆಯಂದಿರು ಕೆಣಕಿದರೆ, "ಹತ್ತಿ ಕುಣೀರಿ ಹಾಜ್ಜಾ, ಮುರಿದ್ರೆ ನನ್ ಬೆನ್ನ ಮೇಲೆ ಮಲಗೀರಂತೆ!" ಎನ್ನುತ್ತಾಳೆ. ಇಷ್ಟು ಮಾತಿನವಳಿಗೆ ತನ್ನ ಮನೆಯಲ್ಲಿ ಬಾಯಿ ಕಟ್ಟುತ್ತದೆ. ಅಪ್ಪ ಶಹಾತಾ ಹಳೆಯ ಬಡಗಿ. ಮಗಳಿಗೆ ಉಳಿ ಮುಟ್ಟಲೂ ಬಿಟ್ಟವನಲ್ಲ. "ಮರದ ಹುಡಿಗೆ ಅಂಟು ಹಾಕಿ ಮಂಚ ಅಂತಾರಂತೆ," ಎಂದು ಗೋಡೆಗೆ ಹೇಳಿದವನು, ಅವಳು ಕೆಲಸಕ್ಕೆ ಸೇರಿದಂದಿನಿಂದ ಅವಳೊಡನೆ ಮಾತು ಬಿಟ್ಟಿದ್ದ. ಅಪ್ಪ ಹೂಂ ಎನ್ನದ ಈ ಕೆಲಸವನ್ನು ಬಿಟ್ಟುಬಿಡಲೇ ಎಂದು ಅವಳು ಪ್ರತಿ ಬೆಳಗಿನ ನಮಾಜಿನಲ್ಲೂ ದೇವರನ್ನು ಕೇಳುತ್ತಿದ್ದಳು. ಇವತ್ತು ನಮಾಜು ಮುಗಿಸಿ ಕೆಲಸದ ಕೈಚೀಲ ಎತ್ತಿಕೊಂಡರೆ ಎಂದಿಗಿಂತ ಭಾರವಾಗಿತ್ತು. ಒಳಗೆ ಅಪ್ಪನ ಮರದ ಕೊಡತಿ ಇತ್ತು. ಅದರ ದಪ್ಪ ಹಿಡಿಯನ್ನು ಅವನು ಅವಳ ಸಣ್ಣ ಮುಷ್ಟಿಗೆ ಸರಿಹೋಗುವಂತೆ ಹೊಸದಾಗಿ ಹೆರೆದಿದ್ದ.