ಮಲಗಿದ ಸುತ್ತಿಗೆ

ರಾಣೆಬೆನ್ನೂರಿನಲ್ಲಿ ನನ್ನ ಹೊಲಿಗೆ ಅಂಗಡಿಯ ಪಕ್ಕ ಬಂದೂಕು ರಿಪೇರಿಯವರೊಬ್ಬರಿದ್ದರು. ಬಂದೂಕು ತಂದು ‘ಖಾಲಿ ಐತ್ರಿ’ ಎಂದವರನ್ನು ಕಳ್ಳರನ್ನು ನೋಡುವಂತೆ ನೋಡಿ, ‘ನೋಡಿದಾವ್ರು ಯಾರು?’ ಎನ್ನುತ್ತಿದ್ದರು. ಬಂದೂಕನ್ನು ಕೈಗೆತ್ತಿಕೊಂಡರೆ ಮೊದಲು ಅದರ ನಳಿಕೆಯನ್ನು ಮೂಲೆಯ ಮರಳಿನ ಡಬ್ಬಿಯತ್ತ ತಿರುಗಿಸುತ್ತಿದ್ದರು.

ಚುನಾವಣೆಗೆಂದು ಠಾಣೆಗೆ ಒಪ್ಪಿಸುವ ಮುನ್ನ ಎಣ್ಣೆ ಹಾಕಿಸಲು ಬ್ಯಾಡಗಿಯ ಮೆಣಸಿನಕಾಯಿ ಸಾಹುಕಾರರೊಬ್ಬರು ಪಿಸ್ತೂಲು ತಂದರು. ಹಿಂದಿನ ಪುಟ್ಟ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಎಬ್ಬಿಸಿ, ಪಕ್ಕದ ಚಿಲಕ ಒತ್ತಿ ತೋರಿಸಿದರು. ಸುತ್ತಿಗೆ ಟಕ್ಕನೆ ಮಲಗಿತು, ಗುಂಡು ಹಾರಲಿಲ್ಲ. ನಳಿಕೆ ಅಲ್ಲೇ ನಿಂತಿದ್ದ ನನ್ನ ಹೊಟ್ಟೆಯ ಕಡೆಗಿತ್ತು.

‘ಗುಂಡಿನ ಮ್ಯಾಗಜಿನ್ನೂ ತಗದೇನ್ರಿ. ಖಾಲಿ ಐತಿ.’

‘ನೋಡಿದಾವ್ರು ಯಾರು?’ ರಿಪೇರಿಯವರು ಪಿಸ್ತೂಲು ಕಸಿದುಕೊಂಡರು. ‘ಚಿಲಕಾ ಸುತ್ತಿಗಿ ಮಲಗಸ್ತೈತ್ರಿ, ಗುಂಡು ತಗಿಯಂಗಿಲ್ಲ. ಚಿಲಕಾ ಬಿಟ್ಟು ಟ್ರಿಗರ್ ಜೋರ ಎಳದ್ರ, ಅದ ಸುತ್ತಿಗೀನ ಮತ್ತ ಎಬ್ಬಿಸಿ ಹೊಡಸ್ತೈತಿ.’

ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆಳೆದರು. ನಳಿಕೆಯೊಳಗೇ ಉಳಿದಿದ್ದ ಗುಂಡೊಂದು ಮೇಜಿನ ಮೇಲೆ ಉರುಳಿತು. ಸಾಹುಕಾರರು ಕೂತೇಬಿಟ್ಟರು. ನಾನೂ ಕೂತೆ.

ರಿಪೇರಿಯವರು ಇಬ್ಬರಿಗೂ ನೀರು ಕೊಟ್ಟು ಪಿಸ್ತೂಲನ್ನು ಎತ್ತಿಕೊಂಡು, ಮರಳಿನತ್ತ ಹಿಡಿದು, ಮತ್ತೆ ತೆರೆದು ಇಣುಕಿದರು.

‘ಈಗ ನೀವ ನೋಡೀರಲ್ರಿ?’ ಎಂದೆ.

‘ಹೌದ್ರಿ ಟೇಲರ್ರ, ನೋಡಿದಾಂವ ನಾನ. ನನ್ನ ಹೆಂಗ ನಂಬ್ಲಿ?’